ಕಣ್ಣಿಗೆ ಕಾಣುವುದು ದಿಕ್ಕು, ದೂರವಲ್ಲ

(ಹಾಸನದಲ್ಲಿ ಶಿಕ್ಷಕರು, ವಿದ್ಯಾರ್ಥಿಗಳು ಮತ್ತು ಆಸಕ್ತರ ಮುಂದೆ ಮಾಡಿದ ಉಪನ್ಯಾಸದ ಬರಹ ರೂಪ)

ಕಾಫಿ ಕೊಯ್ಲಿನ ದಿನಗಳ ಒಂದು ನಸುಕಿನಿಂದ ಮಾತು ಶುರು ಮಾಡುತ್ತೇನೆ. ಸಕಲೇಶಪುರದ ಆಚೆ ಒಂದು ತೋಟ. ಲೈನ್ ಮನೆಗಳ ಮುಂದೆ ಒಬ್ಬ ತಾಯಿ ಕಂಬಳಿ ಹೊದ್ದು ನೀರೊಲೆಗೆ ಉರಿ ಹಾಕುತ್ತಾ ಕುಳಿತಿದ್ದರು. ಹೊಗೆ ಕಣ್ಣಿಗೆ ಹೊಡೆಯಿತೆಂದು ಮುಖ ಎತ್ತಿದರೆ, ಆಕಾಶದಲ್ಲಿ ಒಂದು ದೀಪ ಹೊತ್ತಿಕೊಂಡಿತು. ಅದು ಸ್ವಲ್ಪ ಮುಂದೆ ಸರಿಯುವಷ್ಟರಲ್ಲಿ ಹಿಂದೆ ಇನ್ನೊಂದು, ಅದರ ಹಿಂದೆ ಮತ್ತೊಂದು. ದಾರಕ್ಕೆ ಪೋಣಿಸಿದ ಮಣಿಗಳ ಹಾಗೆ ಒಂದೇ ಸಾಲು. ಅವರು ಎಣಿಸತೊಡಗಿದರು. ಮೂವತ್ತರ ಮೇಲೆ ಲೆಕ್ಕ ತಪ್ಪಿತು. ಅಷ್ಟರಲ್ಲಿ ಅಕ್ಕಪಕ್ಕದವರೆಲ್ಲ ಹೊರಗೆ ಬಂದಿದ್ದರು. ಒಬ್ಬರು ಆಕಾಶದಲ್ಲಿ ರೈಲು ಎಂದರು, ಇನ್ನೊಬ್ಬರು ಯುದ್ಧ ಶುರುವಾಗಿದೆ ಎಂದರು, ಹಿರಿಯರೊಬ್ಬರು ಚಪ್ಪಲಿ ಕಳಚಿ ಕೈ ಮುಗಿದರು.

ಮಾರನೆಯ ದಿನ ನನ್ನ ಮೊಬೈಲಿಗೆ ಅದರ ವಿಡಿಯೊ ಬಂತು. ಕತ್ತಲೆ, ನಡುಗುವ ಎರಡು ಮೂರು ಚುಕ್ಕೆ, ನಾಯಿ ಬೊಗಳುವ ಸದ್ದು, ಅಷ್ಟೇ. ಅದರಿಂದ ಏನನ್ನೂ ಹೇಳುವಂತಿರಲಿಲ್ಲ. ಹಾಗಾಗಿ ಭಾನುವಾರ ತೋಟಕ್ಕೇ ಹೋದೆ. ಹತ್ತಾರು ಜನ ಮಾತನಾಡಿದರು. ಎಲ್ಲರೂ ಹೇಳಿದ್ದು ಅದು ಏನಿರಬಹುದು ಎಂಬುದನ್ನು. ಏನು ಕಂಡಿತು ಎಂದು ಹೇಳಿದವರು ಆ ತಾಯಿ ಒಬ್ಬರೇ. ‘ಕೆಳಗಿನ ತಿರುವಿನಲ್ಲಿ ಮೊದಲ ಬಸ್ಸು ಹಾರ್ನ್ ಹಾಕುವುದಕ್ಕೆ ಸ್ವಲ್ಪ ಮುಂಚೆ’ ಎಂದರು. ಆ ಬಸ್ಸು ಬರುವುದು ಬೆಳಗಿನ ಐದೂ ಮುಕ್ಕಾಲಿಗೆ. ‘ಸಿಲ್ವರ್ ಮರದ ತುದಿಯಿಂದ ಕೊಟ್ಟಿಗೆಯ ಮಾಡಿನವರೆಗೆ’ ಎಂದರು. ಅಂಗಳದಲ್ಲಿ ಅವರು ಕುಳಿತಿದ್ದ ಜಾಗದಲ್ಲೇ ನಾನೂ ಕುಳಿತು ನೋಡಿದೆ, ಪಶ್ಚಿಮದ ಕಡೆಯಿಂದ ಪೂರ್ವಕ್ಕೆ. ಕೊನೆಗೆ ಅವರು ಹೇಳಿದ ಮಾತನ್ನು ನಾನು ಎಂದೂ ಮರೆಯುವುದಿಲ್ಲ: ‘ಎಲ್ಲ ದೀಪಗಳೂ ಒಂದೇ ಜಾಗದಲ್ಲಿ ಹೊತ್ತಿಕೊಳ್ಳುತ್ತಿದ್ದವು. ಯಾರೋ ಅಲ್ಲಿ ನಿಂತು ಒಂದೊಂದಕ್ಕೇ ಬೆಂಕಿ ಮುಟ್ಟಿಸಿ ಕಳಿಸಿದ ಹಾಗೆ.’

ಆ ಒಂದು ಮಾತಿನಲ್ಲಿ ಉತ್ತರವಿತ್ತು. ಅವರು ನೋಡಿದ್ದು ಇಂಟರ್ನೆಟ್ ಒದಗಿಸುವ ಸ್ಟಾರ್‌ಲಿಂಕ್ ಉಪಗ್ರಹಗಳ ಸಾಲನ್ನು. 2019ರ ಮೇ ತಿಂಗಳಲ್ಲಿ ಮೊದಲ ಬಾರಿಗೆ ಒಂದೇ ರಾಕೆಟ್ಟಿನಲ್ಲಿ ಅಂಥ 60 ಉಪಗ್ರಹಗಳನ್ನು ಕಳಿಸಿದರು. ಆ ಮೇಲೆ ಅದು ನಿತ್ಯದ ಕೆಲಸವೇ ಆಗಿದೆ. ಹಾರಿಸಿದ ಮೊದಲ ಕೆಲವು ದಿನ ಅವು ಕೆಳಗಿನ ಕಕ್ಷೆಯಲ್ಲಿ ಒಂದರ ಹಿಂದೆ ಒಂದು ಒತ್ತಾಗಿ ಸಾಗುತ್ತವೆ. ಆಮೇಲೆ ಸುಮಾರು 550 ಕಿಲೋಮೀಟರ್ ಎತ್ತರಕ್ಕೆ ಏರಿ, ಚದುರಿ, ಮಂಕಾಗುತ್ತವೆ. ಅವುಗಳಿಗೆ ಸ್ವಂತ ದೀಪವಿಲ್ಲ. ನಮಗೆ ಇನ್ನೂ ಕತ್ತಲೆಯಿದ್ದಾಗ ಅಷ್ಟು ಎತ್ತರದಲ್ಲಿ ಆಗಲೇ ಬಿಸಿಲು ಬಿದ್ದಿರುತ್ತದೆ. ಭೂಮಿಯ ನೆರಳು ಆಕಾಶದಲ್ಲಿ ಒಂದು ಗಡಿ ಹಾಕಿರುತ್ತದೆ; ಆ ಗಡಿ ದಾಟಿ ಬಿಸಿಲಿಗೆ ಬಂದ ಉಪಗ್ರಹ ಅಲ್ಲೇ ಹೊತ್ತಿಕೊಂಡಂತೆ ಕಾಣುತ್ತದೆ. ಸಂಜೆಯಾದರೆ ಇದರ ತಿರುವುಮುರುವು: ಬಿಸಿಲಿನಿಂದ ನೆರಳಿಗೆ ಹೋಗಿ ನಡು ಆಕಾಶದಲ್ಲೇ ಆರಿಹೋಗುತ್ತವೆ. ಒಲೆಯ ಮುಂದೆ ಕುಳಿತ ಆ ತಾಯಿ ಕಣ್ಣಾರೆ ಕಂಡದ್ದು ಭೂಮಿಯ ನೆರಳಿನ ಅಂಚು. ಅಂಥ ಸಾಕ್ಷಿಯನ್ನು ನಾನು ಮತ್ತೆ ಕಂಡಿಲ್ಲ.

ಇವತ್ತು ನಾನು ಹೇಳಬೇಕೆಂದು ಬಂದಿರುವುದು ಇದನ್ನೇ. ಆಕಾಶದಲ್ಲಿ ಅಪರೂಪದ್ದು ಏನಾದರೂ ಚಲಿಸುವುದನ್ನು ಕಂಡರೆ, ಅದು ಏನು ಎಂದು ಯೋಚಿಸುವುದನ್ನು ಐದು ನಿಮಿಷ ಮುಂದಕ್ಕೆ ಹಾಕಿ. ಮೊದಲು ಗಡಿಯಾರ ನೋಡಿ, ಯಾವ ಮರದಿಂದ ಯಾವ ಕಂಬಕ್ಕೆ ಹೋಯಿತು ನೋಡಿ, ಎಷ್ಟು ಹೊತ್ತು ಇತ್ತು ಎಣಿಸಿ. ಗುರುತು ಹಿಡಿಯುವುದು ಆಮೇಲಿನ ಕೆಲಸ.

ಯಾಕೆ ಇಷ್ಟು ಒತ್ತಿ ಹೇಳುತ್ತೇನೆಂದರೆ, ಕತ್ತಲ ಆಕಾಶದಲ್ಲಿ ನಮ್ಮ ಕಣ್ಣಿಗೆ ದೂರ ತಿಳಿಯುವುದಿಲ್ಲ. ಹಗಲಿನಲ್ಲಿ ಎತ್ತಿನಗಾಡಿ ದೂರದಲ್ಲಿದೆ ಎಂದು ತಿಳಿಯುವುದು ನಡುವೆ ಗದ್ದೆ, ಮರ, ರಸ್ತೆ ಇರುವುದರಿಂದ. ಆಕಾಶದಲ್ಲಿ ನಡುವೆ ಏನೂ ಇಲ್ಲ. ದೂರ ಗೊತ್ತಿಲ್ಲದ ಮೇಲೆ ಗಾತ್ರವೂ ಗೊತ್ತಿಲ್ಲ, ವೇಗವೂ ಗೊತ್ತಿಲ್ಲ. ‘ಬಸ್ಸಿನಷ್ಟು ದೊಡ್ಡದಿತ್ತು, ತೆಂಗಿನ ಮರದ ಎತ್ತರದಲ್ಲಿ ಹೋಯಿತು’ ಎಂದು ಬಂದು ಹೇಳುವವರು ಸುಳ್ಳು ಹೇಳುತ್ತಿಲ್ಲ. ಮನಸ್ಸು ತಾನಾಗಿ ಒಂದು ದೂರವನ್ನು ಊಹಿಸಿಕೊಂಡು ಉಳಿದದ್ದನ್ನು ಅದಕ್ಕೆ ಹೊಂದಿಸಿಬಿಡುತ್ತದೆ. ಕಣ್ಣು ನಿಜವಾಗಿ ಕೊಡುವುದು ದಿಕ್ಕು ಮತ್ತು ಕೋನ. ಅದನ್ನು ಅಳೆಯುವ ಉಪಕರಣ ನಿಮ್ಮ ಕೈಯಲ್ಲೇ ಇದೆ. ತೋಳು ನೀಳವಾಗಿ ಚಾಚಿ. ಕಿರುಬೆರಳಿನ ಅಗಲ ಸುಮಾರು ಒಂದು ಡಿಗ್ರಿ, ಮುಷ್ಟಿಯ ಅಗಲ ಹತ್ತು ಡಿಗ್ರಿ, ಬಿಡಿಸಿದ ಗೇಣು ಇಪ್ಪತ್ತಕ್ಕೆ ಹತ್ತಿರ. ಹುಣ್ಣಿಮೆಯ ಚಂದ್ರ ಅರ್ಧ ಡಿಗ್ರಿ ಮಾತ್ರ. ಕಿರುಬೆರಳಿನ ಹಿಂದೆ ಇಡೀ ಚಂದ್ರ ಅಡಗಿಬಿಡುತ್ತಾನೆ. ಇವತ್ತು ರಾತ್ರಿಯೇ ಮಾಡಿ ನೋಡಿ, ನಂಬುವುದಕ್ಕೆ ಕಷ್ಟವಾಗುತ್ತದೆ.

ಎಷ್ಟು ಹೊತ್ತು ಕಂಡಿತು ಎಂಬುದಕ್ಕೆ ನಾನು ಮಕ್ಕಳಿಗೆ ಹೇಳಿಕೊಡುವ ಅಳತೆ ಇದು. ‘ಅಲ್ಲಿ ನೋಡು’ ಎನ್ನುವಷ್ಟರಲ್ಲಿ ಮಾಯವಾದರೆ ಅದು ಉಲ್ಕೆ. ಒಳಗೆ ಓಡಿ ಅಮ್ಮನನ್ನು ಕರೆದುಕೊಂಡು ಬರುವವರೆಗೂ ಇದ್ದರೆ ಉಪಗ್ರಹ. ಅಕ್ಕಪಕ್ಕದ ಮನೆಯವರೆಲ್ಲ ಬಂದು, ಮೊಬೈಲ್ ತೆಗೆದು, ವಾದ ಮಾಡುವವರೆಗೂ ಅಲ್ಲೇ ಇದ್ದರೆ ಗ್ರಹವೋ ನಕ್ಷತ್ರವೋ ಬಲೂನೋ. ಮುಕ್ಕಾಲು ಪಾಲು ಪ್ರಕರಣಗಳನ್ನು ಈ ಅಳತೆಯಿಂದಲೇ ಬಿಡಿಸಬಹುದು. ಸಣ್ಣ ಉಲ್ಕೆ ನೆಲದಿಂದ ನೂರು ಕಿಲೋಮೀಟರಿನ ಆಸುಪಾಸಿನಲ್ಲಿ ಉರಿದುಹೋಗುತ್ತದೆ. ಅತಿ ನಿಧಾನದ್ದೂ ಸೆಕೆಂಡಿಗೆ 11 ಕಿಲೋಮೀಟರ್ ವೇಗದಲ್ಲಿ ಬರುತ್ತದೆ, ಅದಕ್ಕೆ ನಿಲ್ಲಲು ಪುರುಸೊತ್ತಿಲ್ಲ. ಬೆಂಕಿಯ ಗೆರೆಯೊಂದು ಒಂದು ನಿಮಿಷ ಆಕಾಶ ದಾಟುತ್ತಾ ತುಂಡುತುಂಡಾಗುತ್ತಾ ಹೋದರೆ ಅದು ಸಾಮಾನ್ಯವಾಗಿ ಉಲ್ಕೆಯಲ್ಲ, ಮನುಷ್ಯರು ಕಳಿಸಿದ್ದು ಮರಳಿ ಬೀಳುತ್ತಿರುವುದು. 2022ರ ಏಪ್ರಿಲ್ 2ರ ರಾತ್ರಿ ಮಹಾರಾಷ್ಟ್ರ, ಮಧ್ಯಪ್ರದೇಶಗಳ ಜನ ಕಂಡದ್ದು ಅಂಥದ್ದೇ. ಅದು ಚೀನಾದ ರಾಕೆಟ್ ಒಂದರ ಭಾಗ. ಚಂದ್ರಪುರ ಜಿಲ್ಲೆಯ ಹಳ್ಳಿಯಲ್ಲಿ ಲೋಹದ ದೊಡ್ಡ ಬಳೆಯೇ ಬಂದು ಬಿದ್ದಿತ್ತು.

ಸಮಯ ಬರೆದಿಡುವ ವಿಷಯಕ್ಕೆ ಬಂದಾಗ ನನಗೆ ನಮ್ಮ ಜಿಲ್ಲೆಯ ಶಾಸನಗಳು ನೆನಪಾಗುತ್ತವೆ. ಸ್ವಲ್ಪ ಆ ಕಡೆ ಹೋಗಿ ಬರುತ್ತೇನೆ. ಬೇಲೂರು ತಾಲ್ಲೂಕಿನ ಹಲ್ಮಿಡಿಯ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕನ್ನಡದ ಮೊದಲ ಶಾಸನ ಎಂದು ನಾವೆಲ್ಲ ಹೆಮ್ಮೆಪಡುವ ಆ ಕಲ್ಲಿನಲ್ಲಿ ಕಾಲ ಬರೆದಿಲ್ಲ. ಲಿಪಿಯ ವಾಟ, ಅರಸರ ಹೆಸರು ನೋಡಿ ಸುಮಾರು ಕ್ರಿ.ಶ. 450 ಎನ್ನುತ್ತಾರೆ, ಆ ‘ಸುಮಾರು’ ಎಂಬುದರ ಮೇಲೆ ವಿದ್ವಾಂಸರ ಚರ್ಚೆ ಇವತ್ತಿಗೂ ಇದೆ. ಆಮೇಲಿನ ಕಾಲದ ಹೊಯ್ಸಳರ ಶಾಸನಗಳನ್ನು ನೋಡಿ: ಶಕವರ್ಷ, ಸಂವತ್ಸರ, ಮಾಸ, ತಿಥಿ, ವಾರ. ಎಷ್ಟೋ ದತ್ತಿಗಳು ‘ಸೂರ್ಯಗ್ರಹಣದಂದು’, ‘ಸೋಮಗ್ರಹಣದಂದು’ ಎಂದು ಬರೆಸಿದವು. ಗ್ರಹಣವನ್ನು ಹಿಂದಕ್ಕೆ ಲೆಕ್ಕ ಹಾಕಬಹುದಾದ್ದರಿಂದ, ಎಂಟು ಒಂಬೈನೂರು ವರ್ಷದ ಹಿಂದಿನ ಒಂದು ದಿನವನ್ನು ಇಂದು ಬೆರಳಿಟ್ಟು ತೋರಿಸಬಹುದು. ಕಲ್ಲು ಕಡೆದವರಿಗೆ ಆ ಗ್ರಹಣ ಯಾಕಾಯಿತು ಎಂಬ ವಿವರಣೆ ಬೇಕಿರಲಿಲ್ಲ. ಯಾವಾಗ ಎಂದು ಬರೆದರು, ಉಳಿದದ್ದನ್ನು ಮುಂದಿನವರು ಮಾಡಿಕೊಂಡರು. ನಾನು ಶಿಕ್ಷಕರಲ್ಲಿ ಕೇಳಿಕೊಳ್ಳುವುದೂ ಅದನ್ನೇ, ನಿಮ್ಮ ಶಾಲೆಯಲ್ಲಿ ಒಂದು ನೋಟ್‌ಬುಕ್ ಇಡಿ.

ಇನ್ನು ಶುಕ್ರನ ವಿಷಯ. ನಮ್ಮ ಹಿರಿಯರು ‘ಬೆಳ್ಳಿ ಮೂಡಿತು’ ಎನ್ನುತ್ತಿದ್ದ ಆ ಬೆಳ್ಳಿಯೇ ಇವತ್ತು ಅತಿ ಹೆಚ್ಚು ಜನರನ್ನು ಬೆಚ್ಚಿಬೀಳಿಸುವ ವಸ್ತು. ನಾನು ಹುಡುಗನಾಗಿದ್ದಾಗ ಒಂದು ಸಂಜೆ ಬಸ್ಸಿನಲ್ಲಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ಮರಗಳ ಸಂದಿಯಲ್ಲಿ ಒಂದು ಬಿಳಿ ಬೆಳಕು ನಮ್ಮ ಜೊತೆಯಲ್ಲೇ ಓಡಿ ಬರುತ್ತಿತ್ತು. ಬಸ್ಸು ನಿಂತರೆ ನಿಲ್ಲುತ್ತಿತ್ತು. ತಿರುವಿನಲ್ಲಿ ಎಡಗಡೆಯಿಂದ ಹಾರಿ ಬಲಗಡೆಯ ಕಿಟಕಿಗೆ ಬರುತ್ತಿತ್ತು. ಪಕ್ಕದಲ್ಲಿ ಕುಳಿತಿದ್ದವರು ಕೊಳ್ಳಿದೆವ್ವ ಎಂದರು. ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಪಶ್ಚಿಮಕ್ಕೆ ಇಳಿಯುವ ದಾರಿ, ಪಶ್ಚಿಮದಲ್ಲೇ ಹೊಳೆಯುವ ಶುಕ್ರ. ತಿರುಗುತ್ತಿದ್ದುದು ಬಸ್ಸು ಎಂದು ಅರ್ಥವಾಗಲು ವರ್ಷಗಳೇ ಬೇಕಾದವು. ಬಹಳ ದೂರದ ವಸ್ತು ನಾವು ಎಷ್ಟು ಓಡಿದರೂ ದಿಕ್ಕು ಬದಲಿಸುವುದಿಲ್ಲ, ಅದಕ್ಕೇ ಜೊತೆಗೆ ಬಂದಂತೆ ಕಾಣುತ್ತದೆ. ಚಂದ್ರ ಜೊತೆಗೆ ಬರುತ್ತಾನೆಂದು ಮಕ್ಕಳು ಖುಷಿಪಡುವುದೂ ಇದನ್ನೇ ಕಂಡು.

ಸುಮ್ಮನೆ ನಿಂತು ನೋಡಿದರೂ ಮೋಸವಾಗುತ್ತದೆ. ಕತ್ತಲಲ್ಲಿ ಒಂಟಿ ಚುಕ್ಕೆಯನ್ನು ದಿಟ್ಟಿಸುತ್ತಾ ಹೋದರೆ ಅದು ಅತ್ತಿತ್ತ ಅಲುಗಿದಂತೆ ಅನಿಸುತ್ತದೆ. ಅದು ಕಣ್ಣಿನ ಸ್ವಭಾವ. ಪರೀಕ್ಷೆ ಸುಲಭ: ವಿದ್ಯುತ್ ಕಂಬಕ್ಕೋ ಮನೆಯ ಸೂರಿಗೋ ಒರಗಿ, ಚುಕ್ಕೆಯನ್ನು ಅದರ ಅಂಚಿಗೆ ಸರಿಯಾಗಿ ತಾಗಿಸಿ ಹತ್ತು ನಿಮಿಷ ಕಾಯಿರಿ. ಗ್ರಹವಾದರೆ ಎರಡೂವರೆ ಡಿಗ್ರಿ, ಅಂದರೆ ಎರಡೂವರೆ ಕಿರುಬೆರಳಿನಷ್ಟು, ಎಲ್ಲ ನಕ್ಷತ್ರಗಳ ಜೊತೆಯಲ್ಲೇ ಪಶ್ಚಿಮಕ್ಕೆ ಸರಿದಿರುತ್ತದೆ.

ಒಬ್ಬ ಹುಡುಗ ತನ್ನ ಮೊಬೈಲ್ ತಂದು ತೋರಿಸಿದ. ಪರದೆಯ ತುಂಬ ಒಂದು ಬಿಲ್ಲೆ, ಒಳಗೆ ಅಲೆ ಅಲೆಯಾಗಿ ಮಿಡಿಯುವ ಬೆಳಕು, ಅಂಚಿನಲ್ಲಿ ಹಸಿರು ನೇರಳೆ. ಬಹಳ ಗಾಬರಿಯಾಗಿದ್ದ. ಅದು ಸುಳ್ಳು ಎಂದು ನಾನು ಹೇಳಲಿಲ್ಲ. ಇಬ್ಬರೂ ಕೆರೆ ಏರಿಗೆ ಹೋದೆವು. ಆಚೆ ದಡದಲ್ಲಿ ಒಂದು ಬೀದಿ ದೀಪ ಉರಿಯುತ್ತಿತ್ತು. ಅದೇ ಮೊಬೈಲಿನಲ್ಲಿ, ಅಷ್ಟೇ ಜೂಮ್ ಮಾಡಿ ಅದನ್ನು ಹಿಡಿ ಎಂದೆ. ಕ್ಯಾಮೆರಾ ಸ್ವಲ್ಪ ಹೊತ್ತು ತಡಕಾಡಿತು, ಫೋಕಸ್ ಸಿಗಲಿಲ್ಲ. ಬೀದಿ ದೀಪ ಅರಳಿ ಅರಳಿ ಅದೇ ಬಿಲ್ಲೆಯಾಯಿತು, ಅದೇ ಮಿಡಿತ, ಅದೇ ಹಸಿರು ನೇರಳೆ ಅಂಚು. ಹುಡುಗ ಒಂದು ಕ್ಷಣ ಸುಮ್ಮನಿದ್ದು, ‘ಹಾಗಾದರೆ ಅದು ಬೆಳ್ಳಿಯೇ’ ಎಂದ. ಉತ್ತರವನ್ನು ಅವನೇ ಹೇಳಿದ್ದು ನನಗೆ ಬಹಳ ಸಂತೋಷ ಕೊಟ್ಟಿತು. ಇವತ್ತು ಅವನು ನನಗಿಂತ ಚೆನ್ನಾಗಿ ಆಕಾಶ ಓದುತ್ತಾನೆ.

ಹಾಸನದಲ್ಲಿ ಮಾತನಾಡುವಾಗ ಇನ್ನೊಂದು ಮಾತು ಹೇಳದಿದ್ದರೆ ಆಗದು. ರಾತ್ರಿ ಯಾವುದೇ ಚುಕ್ಕೆ ಸರಿದುಹೋದರೂ ನಮ್ಮ ಊರಿನವರು ‘ಅದು ನಮ್ಮ ಎಂಸಿಎಫ್‌ನ ಉಪಗ್ರಹ’ ಎನ್ನುತ್ತಾರೆ. ಆ ಅಭಿಮಾನ ದೊಡ್ಡದು. 1982ರಲ್ಲಿ ಇನ್ಸಾಟ್ ಉಪಗ್ರಹಗಳಿಗಾಗಿ ಶುರುವಾದ ಇಸ್ರೋದ ಮುಖ್ಯ ನಿಯಂತ್ರಣ ಕೇಂದ್ರ, ಅಂದರೆ ಎಂಸಿಎಫ್, ನಮ್ಮ ಸಾಲಗಾಮೆ ರಸ್ತೆಯಲ್ಲಿದೆ, ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತದೆ. ಆದರೆ ಭೂಸ್ಥಿರ ಎಂಬ ಹೆಸರಿನಲ್ಲೇ ವಿಷಯವಿದೆ. ಅವು ಸಮಭಾಜಕದ ಮೇಲೆ ಸುಮಾರು 35,800 ಕಿಲೋಮೀಟರ್ ಎತ್ತರದಲ್ಲಿ, ಭೂಮಿ ತಿರುಗುವ ವೇಗಕ್ಕೆ ಸರಿಯಾಗಿ ತಿರುಗುತ್ತವೆ. ನಮಗೆ ಅವು ನಿಂತಲ್ಲೇ ನಿಂತಿವೆ. ನಿಮ್ಮ ತಾರಸಿಯ ಟಿವಿ ತಟ್ಟೆಯನ್ನು ಒಮ್ಮೆ ಬಿಗಿದ ಮೇಲೆ ಯಾರೂ ತಿರುಗಿಸುವುದಿಲ್ಲವಲ್ಲ, ಕಾರಣ ಅದೇ. ಅಷ್ಟು ದೂರದ್ದು ಬರಿಗಣ್ಣಿಗೆ ಕಾಣುವುದೂ ಇಲ್ಲ. ಸರಿದುಹೋಗುವುದೆಲ್ಲ ಕೆಳಗಿನ ಕಕ್ಷೆಗಳವು, ಅವುಗಳಲ್ಲಿ ಬಹುಪಾಲು ಬೇರೆ ದೇಶಗಳವು.

ಅವುಗಳಲ್ಲಿ ದೊಡ್ಡದು ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ. ಅದರ ಮೊದಲ ಭಾಗ ಮೇಲೇರಿದ್ದು 1998ರ ನವೆಂಬರಿನಲ್ಲಿ. ಸುಮಾರು 400 ಕಿಲೋಮೀಟರ್ ಎತ್ತರದಲ್ಲಿ ಒಂದೂವರೆ ಗಂಟೆಗೊಮ್ಮೆ ಭೂಮಿ ಸುತ್ತುತ್ತದೆ. 2025ರ ಜೂನ್ ಕೊನೆಯಲ್ಲಿ ಶುಭಾಂಶು ಶುಕ್ಲಾ ಅಲ್ಲಿಗೆ ಹೋದಾಗ ನಮ್ಮ ಮಲೆನಾಡಿನ ಮೇಲೆ ಮುಂಗಾರಿನ ಮೋಡ ಕವಿದಿತ್ತು. ನವೆಂಬರಿನಿಂದ ಮಾರ್ಚ್‌ವರೆಗೆ ನೋಡಿ, ಶುಕ್ರನ ಹೊಳಪಿಗೆ ಸಾಟಿಯಾಗುವಂತೆ ಬರುತ್ತದೆ. ವಿಮಾನದೊಂದಿಗೆ ಗೊಂದಲ ಆಗುವುದು ಸಹಜ, ಏಕೆಂದರೆ ನೆತ್ತಿಯ ಮೇಲೆ ಎರಡೂ ಸೆಕೆಂಡಿಗೆ ಸುಮಾರು ಒಂದು ಡಿಗ್ರಿ ಸರಿಯುತ್ತವೆ. ಒಂದು 11 ಕಿಲೋಮೀಟರ್ ಎತ್ತರದಲ್ಲಿ ಗಂಟೆಗೆ 900 ಕಿಲೋಮೀಟರ್ ಹೋಗುತ್ತದೆ, ಇನ್ನೊಂದು ಅದರ ಮೂವತ್ತು ಪಟ್ಟು ವೇಗದಲ್ಲಿ, ಹೆಚ್ಚುಕಡಿಮೆ ಅಷ್ಟೇ ಪಟ್ಟು ದೂರದಲ್ಲಿ. ಕಣ್ಣಿಗೆ ದೂರ ತಿಳಿಯುವುದಿಲ್ಲ ಎಂದೆನಲ್ಲ, ಇದೇ ಅದರ ಪುರಾವೆ. ಬೇರ್ಪಡಿಸುವುದು ಹೇಗೆ? ವಿಮಾನದ ದೀಪ ಮಿಣುಕುತ್ತದೆ, ಎಡ ರೆಕ್ಕೆಗೆ ಕೆಂಪು, ಬಲ ರೆಕ್ಕೆಗೆ ಹಸಿರು ಇರುತ್ತದೆ, ಅದು ನೆತ್ತಿ ದಾಟಿ ಅರ್ಧ ನಿಮಿಷಕ್ಕೆ ಸದ್ದು ಬರುತ್ತದೆ. ನಿಲ್ದಾಣದ ಬೆಳಕು ಸ್ಥಿರ, ಸದ್ದಿಲ್ಲ, ನೆರಳಿಗೆ ಹೋಗುವಾಗ ಕೆಂಪಗಾಗಿ ಆರುತ್ತದೆ. ನಮ್ಮ ಅಕ್ಷಾಂಶದಲ್ಲಿ ಸೂರ್ಯ ಮುಳುಗಿ ಒಂದೂಕಾಲು ಒಂದೂವರೆ ಗಂಟೆಯಾದ ಮೇಲೆ ನೆತ್ತಿಯಲ್ಲಿ ಅದು ಬೆಳಗಲಾರದು. ನಡುರಾತ್ರಿ ನೆತ್ತಿಯ ಮೇಲೆ ಕಂಡೆ ಎಂದರೆ ನಾನು ಬೇರೆ ಉತ್ತರ ಹುಡುಕುತ್ತೇನೆ.

ಮುಸ್ಸಂಜೆಯ ಬೆಳಕು ಮಾಡುವ ಚಮತ್ಕಾರಗಳು ಇನ್ನೂ ಇವೆ. 2022ರ ಡಿಸೆಂಬರ್ 15ರ ಸಂಜೆ ಬಂಗಾಳದ ಜನ ಆಕಾಶದಲ್ಲಿ ಟಾರ್ಚ್ ಹಾಕಿದಂಥ ಬೆಳಕು ಕಂಡು ದಂಗಾದರು; ಅದೇ ಸಂಜೆ ಒಡಿಶಾ ತೀರದಿಂದ ಅಗ್ನಿ-5 ಕ್ಷಿಪಣಿಯ ಪರೀಕ್ಷೆ ನಡೆದಿತ್ತು. ಎತ್ತರಕ್ಕೆ ಹೋದ ಹೊಗೆಗೆ ಬಿಸಿಲು ಬಿದ್ದಿತ್ತು, ನೋಡುವವರು ಕತ್ತಲಲ್ಲಿದ್ದರು. ಹೈದರಾಬಾದಿನಲ್ಲಿ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಬಲೂನ್ ಕೇಂದ್ರವಿದೆ. ಅಲ್ಲಿಂದ ಬಿಡುವ ಪ್ಲಾಸ್ಟಿಕ್ ಬಲೂನುಗಳು ಮೂವತ್ತು ಕಿಲೋಮೀಟರಿಗೂ ಮೇಲೆ ಹೋಗಿ, ಸಂಜೆ ಬಿಸಿಲಿಗೆ ಮುತ್ತಿನಂತೆ ಹೊಳೆಯುತ್ತವೆ; ಬೀದರ್ ಕಡೆಯವರಿಗೆ ಅವು ಪರಿಚಿತ. ಅವುಗಳ ಉಪಕರಣ ಎಲ್ಲಾದರೂ ಬಿದ್ದಿದ್ದು ಸಿಕ್ಕಿದರೆ ದಯವಿಟ್ಟು ಬಿಚ್ಚಬೇಡಿ, ಒಳಗೆ ಹೆಚ್ಚು ವೋಲ್ಟೇಜಿನ ಭಾಗಗಳಿರಬಹುದು, ಪೊಲೀಸರಿಗೆ ತಿಳಿಸಿ. ಮದುವೆ ಮಂಟಪದ ದೀಪದ ಕೋಲು ತಗ್ಗಿನ ಮೋಡದ ಮೇಲೆ ಸುತ್ತುವುದು, ಆನೆ ಪತ್ತೆಗೆ ಹಾರಿಸುವ ಡ್ರೋನ್, ಊರ ಬೆಳಕಿಗೆ ಹೊಟ್ಟೆ ಬೆಳ್ಳಗೆ ಕಾಣುವ ಬೆಳ್ಳಕ್ಕಿ ಸಾಲು, ಇವನ್ನೆಲ್ಲ ನೀವೇ ಬಲ್ಲಿರಿ.

ಪದಗಳ ಬಗ್ಗೆ ಒಂದು ಎಚ್ಚರ. 1947ರ ಜೂನ್ 24ರಂದು ಅಮೆರಿಕದಲ್ಲಿ ಕೆನೆತ್ ಆರ್ನಾಲ್ಡ್ ಎಂಬ ಪೈಲಟ್ ಮೌಂಟ್ ರೇನಿಯರ್ ಪರ್ವತದ ಬಳಿ ಒಂಬತ್ತು ಹೊಳೆಯುವ ವಸ್ತುಗಳನ್ನು ಕಂಡ. ನೀರಿನ ಮೇಲೆ ಎಸೆದ ತಟ್ಟೆ ಕುಪ್ಪಳಿಸಿ ಹೋದಂತೆ ಅವು ಸಾಗಿದವು ಎಂದು ಚಲನೆಯನ್ನು ವಿವರಿಸಿದ. ಪತ್ರಿಕೆಗಳು ಅದನ್ನು ಆಕಾರ ಎಂದು ತಿಳಿದು ‘ಹಾರುವ ತಟ್ಟೆ’ ಎಂದು ಬರೆದವು. ಆಮೇಲೆ ಜಗತ್ತಿನ ಎಲ್ಲೆಡೆ ಜನರಿಗೆ ತಟ್ಟೆಗಳೇ ಕಾಣತೊಡಗಿದವು. ಅಮೆರಿಕದ ವಾಯುಪಡೆ 1969ರವರೆಗೆ ಇಂಥ 12,618 ವರದಿಗಳನ್ನು ಪರಿಶೀಲಿಸಿತು. 701ಕ್ಕೆ ಗುರುತು ಸಿಗಲಿಲ್ಲ. ಆ 701ನ್ನು ಹಿಡಿದು ಅನ್ಯಲೋಕದವರು ಬಂದರು ಎನ್ನುವುದೂ ತಪ್ಪು, ನೋಡಿದವರು ಹುಚ್ಚರು ಎನ್ನುವುದೂ ತಪ್ಪು. ಗುರುತು ಸಿಕ್ಕಿಲ್ಲ ಎಂದರೆ ಗುರುತು ಸಿಕ್ಕಿಲ್ಲ ಎಂದಷ್ಟೇ ಅರ್ಥ.

ದೂರ ತಿಳಿಯದು ಎಂದು ಪದೇಪದೇ ಹೇಳಿದೆ. ತಿಳಿಯುವ ಒಂದು ದಾರಿ ಇದೆ, ಅದಕ್ಕೆ ಇಬ್ಬರು ಬೇಕು. ಹಾಸನಕ್ಕೂ ಚಿಕ್ಕಮಗಳೂರಿಗೂ ನೇರ ಗೆರೆಯಲ್ಲಿ ಸುಮಾರು 50 ಕಿಲೋಮೀಟರ್. ಬೇಲೂರಿನ ಮೇಲೆ ಒಂದು ವಿಮಾನವಿದ್ದರೆ ಹಾಸನದವರಿಗೆ ಅದು ವಾಯವ್ಯದಲ್ಲಿ ಕಾಣುತ್ತದೆ, ಚಿಕ್ಕಮಗಳೂರಿನವರಿಗೆ ಆಗ್ನೇಯದಲ್ಲಿ. ಎರಡು ಗೆರೆ ಎಳೆಯಿರಿ, ಕೂಡುವಲ್ಲಿ ವಿಮಾನ. ಶುಕ್ರನಾದರೆ ಇಬ್ಬರಿಗೂ ಒಂದೇ ದಿಕ್ಕು, ಗೆರೆಗಳು ಕೂಡುವುದೇ ಇಲ್ಲ. 1577ರಲ್ಲಿ ದೊಡ್ಡ ಧೂಮಕೇತು ಬಂದಾಗ ಡೆನ್ಮಾರ್ಕಿನ ಖಗೋಳಜ್ಞ ಟೈಕೋ ಬ್ರಾಹೆ ತಾನು ಅಳೆದದ್ದನ್ನು ಪ್ರಾಗ್‌ನಲ್ಲಿ ಅಳೆದದ್ದರ ಜೊತೆ ಇಟ್ಟು ನೋಡಿದ. ಎರಡು ಊರುಗಳಿಂದ ನೋಡಿದಾಗ ಚಂದ್ರ ಸರಿದು ಕಂಡಷ್ಟೂ ಅದು ಸರಿದಿರಲಿಲ್ಲ. ಗಾಳಿಯಲ್ಲಿ ಹುಟ್ಟುವ ಬೆಂಕಿ ಎಂದು ಅಲ್ಲಿಯವರೆಗೆ ನಂಬಿದ್ದ ಬಾಲಚುಕ್ಕಿ ಚಂದ್ರನಿಗಿಂತಲೂ ಆಚೆಯದು ಎಂದು ತೋರಿಸಿಕೊಟ್ಟ. ಆಗ ದುರ್ಬೀನು ಕೂಡ ಇರಲಿಲ್ಲ.

ನನ್ನ ನೋಟ್‌ಬುಕ್ಕಿನಲ್ಲಿ ಹೆಸರು ಹಚ್ಚಲಾಗದ ಒಂದು ಪುಟವಿದೆ. ಹೋದ ವರ್ಷ ಹೊಸ್ತಿಲ ಹುಣ್ಣಿಮೆಯ ಮಾರನೆಯ ಸಂಜೆ ನಾನು ಹಳೇಬೀಡಿನ ಕೆರೆ ಏರಿಯ ಮೇಲಿದ್ದೆ. ಸೂರ್ಯ ಮುಳುಗಿ ಇಪ್ಪತ್ತು ನಿಮಿಷ, ಚಂದ್ರ ಇನ್ನೂ ಹುಟ್ಟಿರಲಿಲ್ಲ. ನೇರ ಉತ್ತರಕ್ಕೆ, ಎರಡು ಮುಷ್ಟಿ ಎತ್ತರದಲ್ಲಿ, ಕಿತ್ತಳೆ ಬಣ್ಣದ ಒಂದು ಬೆಳಕು. ಮಿಣುಕಲಿಲ್ಲ, ಸದ್ದಿಲ್ಲ. ನಾಲ್ಕು ನಿಮಿಷದಲ್ಲಿ ಒಂದು ಕಿರುಬೆರಳಿನಷ್ಟು ಬಲಕ್ಕೆ ಸರಿದು, ಕೆಂಪಗಾಗಿ ಆರಿತು. ಆ ದಿಕ್ಕಿನಲ್ಲಿ ಗ್ರಹವಿರಲಿಲ್ಲ, ಉಪಗ್ರಹವಾದರೆ ಅಷ್ಟು ನಿಧಾನ ಹೋಗುವುದಿಲ್ಲ. ಹತ್ತಿರದ್ದಾದರೆ ಯಾರೋ ಹಾರಿಬಿಟ್ಟ ಕಾಗದದ ದೀಪ, ಎಣ್ಣೆ ಮುಗಿದು ಆರಿದೆ. ದೂರದ್ದಾದರೆ ಎತ್ತರದ ಬಲೂನ್, ಭೂಮಿಯ ನೆರಳಿಗೆ ಸೇರಿದೆ. ನನ್ನ ಬಳಿ ಇರುವುದು ಒಂದೇ ಗೆರೆ. ಹಳೇಬೀಡಿನಿಂದ ಉತ್ತರಕ್ಕೆ ಹೋದರೆ ಸಿಗುವುದು ಕಡೂರು. ಆ ಸಂಜೆ ಕಡೂರಿನಲ್ಲೋ ಬೀರೂರಿನಲ್ಲೋ ಅಂಗಳಕ್ಕೆ ಬಂದು ಆ ಬೆಳಕನ್ನು ಕಂಡವರು ಇಲ್ಲಿದ್ದರೆ, ಅಥವಾ ನಿಮ್ಮ ನೆಂಟರಲ್ಲಿ ಇದ್ದರೆ, ಅದು ಏನಾಗಿತ್ತೆಂದು ಹೇಳುವುದು ಬೇಡ. ಅವರಿಗೆ ಅದು ಉತ್ತರದಲ್ಲಿ ಕಂಡಿತೋ ದಕ್ಷಿಣದಲ್ಲಿ ಕಂಡಿತೋ, ಅಷ್ಟು ಸಾಕು. ಹೊರಡುವ ಮುಂಚೆ ನನ್ನನ್ನು ಕಂಡು ಹೇಳಿ. ನೋಟ್‌ಬುಕ್ ಜೊತೆಯಲ್ಲೇ ತಂದಿದ್ದೇನೆ.